ಯಂತ್ರದ ತೀರ್ಮಾನಕ್ಕೆ ಮನುಷ್ಯನೇ ಹೊಣೆ

(ಹರದನಹಳ್ಳಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಚಾಮರಾಜನಗರದ ಮಗ್ಗುಲಲ್ಲೇ ಇರುವ ಈ ಹರದನಹಳ್ಳಿಯಲ್ಲಿ ಕೃತಕ ಬುದ್ಧಿಮತ್ತೆಯ ಕುರಿತು ಮಾತನಾಡುವ ಅಗತ್ಯವೇನಿದೆ ಎಂದು ಕೆಲವರಿಗಾದರೂ ಅನಿಸಿರಬಹುದು. ಅದು ಬೆಂಗಳೂರಿನ ಕಂಪೆನಿಗಳ ವಿಷಯ, ಅರಿಶಿನ ಮತ್ತು ಸಣ್ಣ ಈರುಳ್ಳಿಯ ಬೆಲೆಯನ್ನು ನಂಬಿ ಬದುಕುವ ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ತಪ್ಪು ಭಾವನೆ. ನಮ್ಮ ಪಡಿತರ ಚೀಟಿ, ವಿಧವಾ ವೇತನ, ಬ್ಯಾಂಕಿನ ಸಾಲ, ಮಕ್ಕಳ ವಿದ್ಯಾಭ್ಯಾಸ ಇವೆಲ್ಲದರ ಬಾಗಿಲಲ್ಲಿ ಈ ಯಂತ್ರ ಬಂದು ನಿಲ್ಲುತ್ತಿದೆ. ಅದನ್ನು ಸ್ವಾಗತಿಸಬೇಕೇ, ಭಯಪಡಬೇಕೇ ಎಂಬುದಕ್ಕಿಂತ, ಅದು ತಪ್ಪು ಮಾಡಿದಾಗ ಉತ್ತರ ಕೊಡುವವರು ಯಾರು ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಈ ಪ್ರಶ್ನೆಯ ಮೊದಲ ಪಾಠವನ್ನು ನಾವು ಹೊರದೇಶದಿಂದ ಕಲಿಯಬೇಕಾಗಿಲ್ಲ. ನಮ್ಮ ಪಹಣಿಯೇ ಅದನ್ನು ಕಲಿಸಿದೆ. ಒಂದು ಕಾಲದಲ್ಲಿ ಜಮೀನಿನ ದಾಖಲೆ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಅದರ ಒಂದು ಪ್ರತಿ ಪಡೆಯಲು ಎಷ್ಟು ಸಲ ಅಲೆಯಬೇಕಿತ್ತು, ಯಾರ ಕೈ ಬಿಸಿ ಮಾಡಬೇಕಿತ್ತು ಎಂಬುದು ಹಿರಿಯರಿಗೆ ನೆನಪಿರಬಹುದು. 2001ರ ಹೊತ್ತಿಗೆ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಸಿಗುವಂತಾಯಿತು. ಇದು ಸಣ್ಣ ಸಾಧನೆಯಲ್ಲ. ಜಗತ್ತಿನ ಹಲವು ಕಡೆಗಳಲ್ಲಿ ಈ ಯೋಜನೆಯನ್ನು ಮಾದರಿಯೆಂದು ಹೊಗಳಲಾಯಿತು.

ಆದರೆ ಕಂಪ್ಯೂಟರು ಹಳೆಯ ಪುಸ್ತಕದಲ್ಲಿದ್ದುದನ್ನೇ ಮುದ್ರಿಸಿತು. ಅಲ್ಲಿ ಹೆಸರು ತಪ್ಪಾಗಿದ್ದರೆ ಇಲ್ಲಿಯೂ ತಪ್ಪಾಗಿಯೇ ಬಂತು. ತೀರಿಹೋದ ತಂದೆಯ ಹೆಸರಿನಲ್ಲೇ ಖಾತೆ ಉಳಿದಿದ್ದವರು ಪೌತಿ ಖಾತೆ ಮಾಡಿಸಿಕೊಳ್ಳುವ ತನಕ ಅಲೆಯುವುದು ತಪ್ಪಲಿಲ್ಲ. ವ್ಯತ್ಯಾಸವಿಷ್ಟೆ: ಕೈಬರಹದ ತಪ್ಪನ್ನು ತಪ್ಪೆಂದು ಒಪ್ಪಿಸಬಹುದಿತ್ತು. ಅಚ್ಚಾಗಿ ಬಂದ ತಪ್ಪನ್ನು ‘ಕಂಪ್ಯೂಟರಿನಲ್ಲಿ ಹೀಗೇ ಇದೆ’ ಎಂಬ ಒಂದೇ ಮಾತು ಕಾಪಾಡತೊಡಗಿತು.

ಅಂದಿನ ಯಂತ್ರ ಬರೆದಿಟ್ಟದ್ದನ್ನು ತೋರಿಸುತ್ತಿತ್ತು. ಇಂದಿನ ಯಂತ್ರ ಹಲವು ದಾಖಲೆಗಳನ್ನು ಜೋಡಿಸಿ, ಹೋಲಿಸಿ, ಯಾರು ಅರ್ಹರು, ಯಾರು ಅನರ್ಹರು ಎಂದು ತಾನೇ ಹೇಳುತ್ತದೆ. ಇದರ ಪರಿಣಾಮವೇನೆಂದು ನೆರೆಯ ತೆಲಂಗಾಣ ಈಗಾಗಲೇ ತೋರಿಸಿಕೊಟ್ಟಿದೆ. ಅಲ್ಲಿನ ಸರಕಾರ ‘ಸಮಗ್ರ ವೇದಿಕಾ’ ಎಂಬ ವ್ಯವಸ್ಥೆಯ ಮೂಲಕ ವಾಹನ, ಆಸ್ತಿ, ವಿದ್ಯುತ್ ಮುಂತಾದ ದಾಖಲೆಗಳನ್ನು ಬೆಸೆದು ಪಡಿತರ ಚೀಟಿದಾರರನ್ನು ಅಳೆಯಿತು. 2014ರಿಂದ 2019ರವರೆಗೆ ಆ ರಾಜ್ಯದಲ್ಲಿ ರದ್ದಾದ ಚೀಟಿಗಳು 18 ಲಕ್ಷಕ್ಕೂ ಹೆಚ್ಚು. ಹೈದರಾಬಾದಿನಲ್ಲಿ ರಿಕ್ಷಾ ತುಳಿದು ಬದುಕಿದ ಒಬ್ಬ ಬಡವರ ಮನೆಗೆ ಪಡಿತರ ನಿರಾಕರಿಸಲಾಯಿತು. ಕಾರಣ, ಅವರ ಬಳಿ ಕಾರು ಇದೆ ಎಂದು ಯಂತ್ರ ಹೇಳಿತು. ಕಾರು ಇದ್ದದ್ದು ಅವರ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬರ ಬಳಿ. ಆ ಮನೆಯ ವಿಧವೆ ತನ್ನ ಪಾಲಿನ ಅಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕೊನೆಗೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ಆದೇಶಿಸಿತು. ಮೊದಲೇ ಆಗಬೇಕಿದ್ದ ಕೆಲಸ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದ ಮೇಲೆ ಆಯಿತು.

ಇದು ಬಡ ರಾಜ್ಯಗಳ ದೌರ್ಬಲ್ಯ ಎಂದೂ ತಿಳಿಯಬೇಕಾಗಿಲ್ಲ. ಶ್ರೀಮಂತ ನೆದರ್‌ಲ್ಯಾಂಡಿನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳನ್ನು ತೆರಿಗೆ ಇಲಾಖೆ ವಂಚಕರೆಂದು ತಪ್ಪಾಗಿ ಗುರುತಿಸಿ ಸಾಲದ ಕೂಪಕ್ಕೆ ತಳ್ಳಿತು. ಸಂಶಯಿತರನ್ನು ಆರಿಸುತ್ತಿದ್ದ ವ್ಯವಸ್ಥೆ ಆ ದೇಶದ ಪೌರತ್ವ ಇಲ್ಲದಿರುವುದನ್ನೂ ಅಪಾಯದ ಲಕ್ಷಣವೆಂದು ಎಣಿಸಿತ್ತು. ವಲಸೆ ಕುಟುಂಬಗಳು ಹೆಚ್ಚು ನರಳಿದವು. ಈ ಹಗರಣದ ಹೊಣೆ ಹೊತ್ತು 2021ರ ಜನವರಿಯಲ್ಲಿ ಅಲ್ಲಿನ ಸರಕಾರವೇ ರಾಜೀನಾಮೆ ನೀಡಿತು.

ಸಹೋದರರೇ, ಹೈದರಾಬಾದಿನ ಘಟನೆಯನ್ನು ನಾವು ಕನ್ನಡಿಯಂತೆ ನೋಡಿಕೊಳ್ಳಬೇಕು. ನಮ್ಮಲ್ಲಿ ಒಬ್ಬರೇ ವ್ಯಕ್ತಿ ಪಹಣಿಯಲ್ಲಿ ‘ರಜಾಕ್ ಸಾಬ್’, ಆಧಾರ್‌ನಲ್ಲಿ ‘ಅಬ್ದುಲ್ ರಝಾಕ್’, ಮಗನ ಅಂಕಪಟ್ಟಿಯಲ್ಲಿ ‘ಎ. ರಜಾಕ್’. ಹೆಣ್ಣುಮಕ್ಕಳ ಹೆಸರಿನ ಮುಂದೆ ಒಂದು ಕಡೆ ಬೀ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಏನೂ ಇಲ್ಲ. ಊರಿನಲ್ಲಿ ಮುಖ ನೋಡಿ ಗುರುತಿಸುವವರಿಗೆ ಇದು ತೊಡಕಲ್ಲ. ಯಂತ್ರಕ್ಕೆ ಮಾತ್ರ ಒಬ್ಬರು ಮೂವರಾಗಿಯೂ, ಮೂವರು ಒಬ್ಬರಾಗಿಯೂ ಕಾಣಬಲ್ಲರು. ನಮ್ಮ ರಾಜ್ಯದಲ್ಲೂ ‘ಕುಟುಂಬ’ ದತ್ತಾಂಶದ ಮೂಲಕ ಮನೆಮಂದಿಯ ವಿವರಗಳನ್ನು ಒಂದೆಡೆ ಸೇರಿಸಿ ಸವಲತ್ತುಗಳಿಗೆ ಜೋಡಿಸಲಾಗುತ್ತಿದೆ. ಅರ್ಜಿ ಹಾಕದೆಯೇ ಅರ್ಹರಿಗೆ ಸವಲತ್ತು ತಲುಪಬಹುದು ಎಂಬುದು ಇದರ ಒಳಿತು. ಆದರೆ ದಾಖಲೆ ತಪ್ಪಿದ್ದರೆ ಕೇಳದೆಯೇ ಕೈತಪ್ಪಲೂಬಹುದು.

ಹಾಗಾದರೆ ಸರಕಾರದಿಂದ ನಾವು ಏನನ್ನು ಕೇಳಬೇಕು? ಯಂತ್ರ ಬೇಡವೆಂದಲ್ಲ. ಯಾವುದೇ ಸವಲತ್ತನ್ನು ನಿಲ್ಲಿಸುವ ಮೊದಲು ನೋಟೀಸು ಕೊಟ್ಟು ವಿಚಾರಿಸಬೇಕು. ಕಾರಣವನ್ನು ಕನ್ನಡದಲ್ಲಿ ಬರೆದು ತಿಳಿಸಬೇಕು. ತೀರ್ಮಾನಕ್ಕೆ ಸಹಿ ಹಾಕುವ ಒಬ್ಬ ಅಧಿಕಾರಿ ಇರಬೇಕು. ತಪ್ಪನ್ನು ತಿದ್ದಲು ಗಡುವು ಇರಬೇಕು. ಇವು ಹೊಸ ಬೇಡಿಕೆಗಳೂ ಅಲ್ಲ. ಆಡಳಿತದ ತೀರ್ಮಾನಕ್ಕೆ ಕಾರಣವೇನೆಂದು ಬಾಧಿತರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಮೇ ಹೇಳುತ್ತದೆ. ಸೇವೆಗಳಿಗೆ ಗಡುವು ನಿಗದಿಪಡಿಸುವ 2011ರ ‘ಸಕಾಲ’ ಕಾಯ್ದೆಯೂ ನಮ್ಮ ರಾಜ್ಯದಲ್ಲಿ ಇದೆ. ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಯಿತು. ನಮ್ಮ ವಿವರವನ್ನು ತಿದ್ದಿಸುವ ಹಕ್ಕನ್ನು ಅದು ಮಾನ್ಯ ಮಾಡಿದೆಯಾದರೂ ಸರಕಾರಕ್ಕೆ ಉದಾರವಾದ ವಿನಾಯಿತಿಗಳನ್ನೂ ಇಟ್ಟುಕೊಂಡಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಕೃತಕ ಬುದ್ಧಿಮತ್ತೆಗಾಗಿ 10,300 ಕೋಟಿ ರೂಪಾಯಿಗೂ ಮಿಕ್ಕ ಯೋಜನೆಗೆ ಒಪ್ಪಿಗೆ ನೀಡಿತು. ಯಂತ್ರ ಕೊಳ್ಳಲು ಹಣವಿರುವ ಆಡಳಿತಕ್ಕೆ, ಅನ್ಯಾಯವಾದವರ ಮಾತು ಕೇಳಲು ನಾಡಕಚೇರಿಯಲ್ಲಿ ಒಬ್ಬ ಹೊಣೆಗಾರನನ್ನು ಕೂರಿಸುವುದು ಅಸಾಧ್ಯವೇ?

ಆದರೆ ಸರಕಾರವನ್ನು ಕೇಳಿ ಸುಮ್ಮನೆ ಕೂರುವುದು ನಮ್ಮ ಹಳೆಯ ರೋಗ. ಸ್ವಪ್ರಯತ್ನವಿಲ್ಲದ ಬೇಡಿಕೆಗೆ ಬಲವಿರುವುದಿಲ್ಲ. ಪ್ರತಿ ಮನೆಯವರೂ ಈ ತಿಂಗಳಲ್ಲೇ ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕಿನ ಪುಸ್ತಕ, ಅಂಕಪಟ್ಟಿಗಳನ್ನು ಒಂದೇ ಚಾಪೆಯ ಮೇಲೆ ಹರಡಿ ಹೆಸರು, ಹುಟ್ಟಿದ ದಿನಾಂಕಗಳು ತಾಳೆಯಾಗುತ್ತವೆಯೇ ಎಂದು ನೋಡಲಿ. ಚಾಮರಾಜನಗರ, ಗುಂಡ್ಲುಪೇಟೆಗಳ ಮೊಹಲ್ಲಾ ಕಮಿಟಿಗಳು ವಾರಕ್ಕೊಂದು ಸಂಜೆ ಇಬ್ಬರು ಓದಿದ ಯುವಕ, ಯುವತಿಯರನ್ನು ಇದಕ್ಕಾಗಿ ಕೂರಿಸಲಿ. ಮದುವೆ ಮಂಟಪಗಳಿಗೆ ಖರ್ಚು ಮಾಡುವ ನಮಗೆ ಒಂದು ಮೇಜು, ಒಂದು ಕಂಪ್ಯೂಟರು ಭಾರವಾಗದು.

ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೊಬೈಲಿಗೆ ಪ್ರಶ್ನೆ ಹಾಕಿ, ಬಂದ ಉತ್ತರವನ್ನು ನೋಟುಪುಸ್ತಕಕ್ಕೆ ಇಳಿಸುವುದು ಕಲಿಕೆಯಲ್ಲ. ಅರ್ಥವಾಗದ ಲೆಕ್ಕವನ್ನು ಕನ್ನಡದಲ್ಲಿ ಹತ್ತು ಸಲ ಬಿಡಿಸಿ ಹೇಳಿಸಿಕೊಂಡು, ಬಳಿಕ ತಾನೇ ಮಾಡಿ ನೋಡುವುದು ಕಲಿಕೆ. ಟ್ಯೂಷನ್ನಿಗೆ ಹಣವಿಲ್ಲದ ಮನೆಯ ಹುಡುಗಿಗೆ ಇದು ದೊಡ್ಡ ಅವಕಾಶ. ಫೋನು ಅಣ್ಣನ ಕೈಯಲ್ಲೇ ಇದ್ದರೆ ಆ ಅವಕಾಶ ಅವಳದಾಗದು ಎಂಬುದನ್ನು ತಂದೆತಾಯಂದಿರು ಮರೆಯಬಾರದು. ಯಂತ್ರ ಹೇಳಿದ್ದೆಲ್ಲ ಸತ್ಯವಲ್ಲ ಎಂಬುದನ್ನೂ ಅವಳಿಗೆ ಕಲಿಸಬೇಕು. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಬಾರದೆಂಬ ಬೋಧನೆಯುಳ್ಳ ನಮಗೆ ಇದು ಹೊಸ ಪಾಠವೇನಲ್ಲ. ಮಗನ ಧ್ವನಿಯನ್ನೇ ಅನುಕರಿಸಿ ಹಣ ಕೇಳುವ ವಂಚಕರು ಈಗ ಇದ್ದಾರೆ. ಅಂತಹ ಕರೆ ಬಂದಾಗ ಮಗನ ನಂಬರಿಗೆ ನಾವೇ ಕರೆ ಮಾಡಿ ಕೇಳಬೇಕು. ಹಣ ಹೋದರೆ ತಡಮಾಡದೆ 1930ಕ್ಕೆ ದೂರು ನೀಡಬೇಕು.

ಇನ್ನೊಂದು ಮಾತು. ಯಂತ್ರ ಭಾಷೆ ಕಲಿಯುವುದು ನಮ್ಮಂಥವರ ಬಾಯಿಂದಲೇ. ಬೆಂಗಳೂರಿನ ‘ಕಾರ್ಯ’ ಸಂಸ್ಥೆಯ ಮೂಲಕ 2023ರಲ್ಲಿ ಕರ್ನಾಟಕದ ಹಳ್ಳಿಗರು ಕನ್ನಡ ವಾಕ್ಯಗಳನ್ನು ಓದಿ ಧ್ವನಿಮುದ್ರಿಸಿ ಸಂಭಾವನೆ ಪಡೆದರು. ಆ ಧ್ವನಿಗಳು ಕ್ಷಯರೋಗದ ಬಗ್ಗೆ ಮಾಹಿತಿ ನೀಡುವ ವ್ಯವಸ್ಥೆಯೊಂದರ ತಯಾರಿಗೆ ಬಳಕೆಯಾದವು. ಈ ಸೀಮೆಯ ಕನ್ನಡವನ್ನೂ ನಮ್ಮ ಮನೆಗಳ ದಖನಿಯನ್ನೂ ಯಂತ್ರ ಕೇಳಿಸಿಕೊಳ್ಳದಿದ್ದರೆ, ನಾಳೆ ನಮ್ಮ ಅಜ್ಜಿಯ ದೂರು ಅದಕ್ಕೆ ಅರ್ಥವಾಗುವುದಿಲ್ಲ. ನಮ್ಮ ಯುವಜನರು ಬಳಕೆದಾರರಾಗಿ ಮಾತ್ರ ಉಳಿಯದೆ ಇಂತಹ ಕೆಲಸಗಳಲ್ಲೂ ಮುಂದೆ ಬರಬೇಕು.

ಅಧಿಕಾರವೆಂಬುದು ಅಮಾನತ್ತು. ಅದನ್ನು ಪಡೆದವರು ಯಂತ್ರದ ಕೈಗೆ ಕೆಲಸ ಕೊಡಬಹುದು, ಹೊಣೆಯನ್ನು ದಾಟಿಸುವಂತಿಲ್ಲ. ‘ಕಂಪ್ಯೂಟರಿನಲ್ಲಿ ಹೀಗೇ ಇದೆ’ ಎಂಬ ಉತ್ತರ ಬಂದಾಗ ತಲೆ ತಗ್ಗಿಸಿ ಮನೆಗೆ ಮರಳುವುದನ್ನು ನಾವು ಬಿಡೋಣ. ‘ಹಾಗೆ ಬರೆದವರು ಯಾರು, ತಿದ್ದುವವರು ಯಾರು?’ ಎಂದು ವಿನಯದಿಂದ, ಬರವಣಿಗೆಯಲ್ಲಿ, ಉತ್ತರ ಸಿಗುವ ತನಕ ಕೇಳೋಣ.