ಕೆನಡಾದ ಮನೆ ಲೆಕ್ಕ



ಇವತ್ತು ನಾವು ಕೆನಡಾ ದೇಶದ ಮಾತು ಆಡೋಣ. ಅಷ್ಟು ದೂರದ ದೇಶದ ಮಾತು ನಮಗ್ಯಾಕೆ ಅನ್ನಬೇಡಿ. ತಿಂಗಳ ಕೊನೆಗೆ ಕೈ ಬರಿದಾದರೆ ಆಗುವ ಸಂಕಟ ಎಲ್ಲ ಕಡೆಯೂ ಒಂದೇ. ಅಲ್ಲಿನವರು ಮನೆ ಖರ್ಚನ್ನು ಹೇಗೆ ತೂಗಿಸುತ್ತಾರೆ? ಕೇಳೋಣ ಬನ್ನಿ.

ಕೆನಡಾ ತುಂಬ ದೊಡ್ಡ ದೇಶ. ನಮ್ಮ ಭಾರತದ ಮೂರು ಪಟ್ಟು ದೊಡ್ಡದು. ಜನ ಮಾತ್ರ ಸುಮಾರು 4 ಕೋಟಿ. ನಮ್ಮ ಕರ್ನಾಟಕದ ಜನಕ್ಕಿಂತಲೂ ಕಡಿಮೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಮನೆಯನ್ನು ಬೆಚ್ಚಗೆ ಇಡದಿದ್ದರೆ ಜೀವವೇ ಉಳಿಯೋದಿಲ್ಲ. ಅದಕ್ಕೆ ಗ್ಯಾಸು, ಕರೆಂಟು ಬೇಕು. ಅದೂ ಒಂದು ದೊಡ್ಡ ಖರ್ಚು. ಅಲ್ಲಿನ ಹಣದ ಹೆಸರು ಡಾಲರ್. ಒಂದು ಡಾಲರಿಗೆ 100 ಸೆಂಟು. ಟೊರಾಂಟೊದಂಥ ಊರುಗಳಲ್ಲಿ ನಮ್ಮ ಕನ್ನಡದವರೂ ಸಂಸಾರ ಮಾಡಿಕೊಂಡಿದ್ದಾರೆ. ಅವರಿಗೂ ಇದೇ ಚಳಿ, ಇದೇ ಲೆಕ್ಕ.

ಬಹಳ ಜನಕ್ಕೆ ಅಲ್ಲಿ ಎರಡು ವಾರಕ್ಕೊಮ್ಮೆ ಸಂಬಳ ಬರುತ್ತೆ. ಆದರೆ ದುಡಿದದ್ದೆಲ್ಲ ಕೈಗೆ ಬರೋದಿಲ್ಲ. ಮೊದಲು ತೆರಿಗೆ ಮುರಿದುಕೊಳ್ಳುತ್ತಾರೆ. ಮುಪ್ಪಿನ ಪಿಂಚಣಿಗೆ ಅಂತ ಒಂದಿಷ್ಟು ಮುರಿಯುತ್ತಾರೆ. ಈ ಪಿಂಚಣಿ ಯೋಜನೆ 1966ರಲ್ಲಿ ಶುರುವಾಯಿತು. ಕೆಲಸ ಹೋದರೆ ಕೆಲವು ತಿಂಗಳು ಹಣ ಸಿಗಲಿ ಅಂತ ವಿಮೆಗೂ ಮುರಿಯುತ್ತಾರೆ. ಇಷ್ಟೆಲ್ಲ ಕಳೆದು ಉಳಿದದ್ದೇ ಮನೆಗೆ. ಒಂದು ಅನುಕೂಲ ಇದೆ. ಡಾಕ್ಟರಿಗೆ, ಆಸ್ಪತ್ರೆಗೆ ಸರ್ಕಾರವೇ ಹಣ ಕಟ್ಟುತ್ತದೆ. ಆದರೆ ಅಂಗಡಿಯಲ್ಲಿ ಕೊಳ್ಳುವ ಮಾತ್ರೆಗೆ ಎಷ್ಟೋ ಜನ ತಾವೇ ಕೊಡಬೇಕು.

ಇನ್ನು ಉಳಿದ ಹಣದ ಮಾತು. ಕೆನಡಾದಲ್ಲಿ ಗೇಲ್ ವಾಜ್ ಆಕ್ಸ್‌ಲೇಡ್ ಅನ್ನುವ ಹೆಣ್ಣುಮಗಳು ಇದ್ದಾರೆ. ಸಾಲದಲ್ಲಿ ಮುಳುಗಿದ ಸಂಸಾರಗಳಿಗೆ ಟಿ.ವಿ.ಯಲ್ಲಿ ದಾರಿ ತೋರಿಸಿ ಹೆಸರಾದವರು. ಅವರು ಹೇಳುವ ಲೆಕ್ಕ ಸರಳ. ಕೈಗೆ ಬಂದ ಹಣವನ್ನು ಐದು ಪಾಲು ಮಾಡಿ ಅನ್ನುತ್ತಾರೆ. ನೂರರಲ್ಲಿ 35 ಮನೆಗೆ. ಅಂದರೆ ಬಾಡಿಗೆ, ಕರೆಂಟು, ನೀರು. 25 ಊಟ, ಬಟ್ಟೆ, ದಿನದ ಬದುಕಿಗೆ. 15 ಓಡಾಟಕ್ಕೆ. 15 ಸಾಲ ತೀರಿಸೋದಕ್ಕೆ. 10 ಉಳಿತಾಯಕ್ಕೆ.

ತಿಂಗಳಿಗೆ 4,000 ಡಾಲರ್ ಕೈಗೆ ಬಂತು ಅನ್ನಿ. ಮನೆಗೆ 1,400. ಬದುಕಿಗೆ 1,000. ಓಡಾಟಕ್ಕೆ 600. ಸಾಲಕ್ಕೆ 600. ಉಳಿತಾಯಕ್ಕೆ 400. ಕೂಡಿ ನೋಡಿ. ಸರಿಯಾಗಿ 4,000 ಆಗುತ್ತೆ.

ಬಾಡಿಗೆ, ಬಿಲ್ಲುಗಳು ಬ್ಯಾಂಕಿನಿಂದಲೇ ಹೋಗುತ್ತವೆ. ದಿನದ ಖರ್ಚಿನ ಹಣವನ್ನು ಗಾಜಿನ ಡಬ್ಬಿಗಳಲ್ಲಿ ಹಾಕಿಡಬೇಕು. ಊಟದ್ದು ಒಂದು ಡಬ್ಬಿ. ಓಡಾಟದ್ದು ಒಂದು. ಬಟ್ಟೆ, ಉಡುಗೊರೆಯದ್ದು ಇನ್ನೊಂದು. ಡಬ್ಬಿ ಖಾಲಿಯಾದರೆ ಆ ಖರ್ಚು ಅಲ್ಲಿಗೆ ನಿಂತಿತು. ಕೇಳಿದರೆ ನಗು ಬರುತ್ತೆ ಅಲ್ವೇ? ನಮ್ಮ ಅಜ್ಜಿಯರ ಸಾಸಿವೆ ಡಬ್ಬಿಯೇ ಇದು! ಒಂದು ವ್ಯತ್ಯಾಸ ಮಾತ್ರ ಇದೆ. ಅಜ್ಜಿ ಯಾರಿಗೂ ಕಾಣದ ಹಾಗೆ ಇಡುತ್ತಿದ್ದಳು. ಇಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಲೆಕ್ಕ ಬರೆಯುತ್ತಾರೆ. ಡಬ್ಬಿ ಎಲ್ಲರ ಕಣ್ಣಿಗೂ ಕಾಣುತ್ತದೆ.

ಹಾಗಾದರೆ ಅಲ್ಲಿ ಎಲ್ಲರೂ ನೆಮ್ಮದಿಯಾಗಿದ್ದಾರಾ? ಇಲ್ಲ. ಸಾಲ ಅಲ್ಲಿಯೂ ಇದೆ. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡು ತೋರಿಸಿದರೆ ಸಾಮಾನು ಸಿಗುತ್ತೆ. ಗಡುವಿನೊಳಗೆ ಪೂರ್ತಿ ಹಣ ಕಟ್ಟಿದರೆ ತೊಂದರೆಯಿಲ್ಲ. ಕಟ್ಟದಿದ್ದರೆ ವರ್ಷಕ್ಕೆ ನೂರಕ್ಕೆ ಸುಮಾರು 20 ಬಡ್ಡಿ. ಸಂಬಳ ಬರುವ ಮುಂಚೆ ಕೈಸಾಲ ಕೊಡುವ ಅಂಗಡಿಗಳೂ ಇವೆ. 2025ರಲ್ಲಿ ಅದಕ್ಕೆ ಸರ್ಕಾರ ಒಂದು ಮಿತಿ ಹಾಕಿತು. 100 ಡಾಲರ್ ಸಾಲಕ್ಕೆ 14 ಡಾಲರಿಗಿಂತ ಹೆಚ್ಚು ಕೇಳಬಾರದು. 14 ತಾನೇ, ಕಡಿಮೆ ಆಯ್ತಲ್ಲ ಅನ್ನಿಸಬಹುದು. ಆದರೆ ಅದು ಎರಡು ವಾರದ ಲೆಕ್ಕ! ವರ್ಷಕ್ಕೆ 26 ಸಲ ಎರಡು ವಾರ ಬರುತ್ತೆ. ಪ್ರತಿ ಸಲವೂ ಅದೇ 100 ಡಾಲರ್ ಸಾಲ ತಂದರೆ, ವರ್ಷಕ್ಕೆ 364 ಡಾಲರ್ ದಂಡ. ಲೆಕ್ಕ ಬರದವರಿಗೆ 14 ಮಾತ್ರ ಕಾಣುತ್ತೆ. ಲೆಕ್ಕ ಬಂದವರಿಗೆ 364 ಕಾಣುತ್ತೆ.

ಬಡ್ಡಿಯ ಕಾಟ ಅಲ್ಲಿ ಹಳೆಯದು. 1897ರಲ್ಲಿ ಕೆನಡಾದ ಪಾರ್ಲಿಮೆಂಟಿನಲ್ಲಿ ಒಂದು ಸಂಗತಿ ಹೊರಬಂತು. ಒಬ್ಬ ಮನುಷ್ಯ 150 ಡಾಲರ್ ಸಾಲ ಮಾಡಿದ್ದ. ಅವನ ಮೇಲೆ ಬಿದ್ದ ಬಡ್ಡಿ 5,000 ಡಾಲರ್! ಅಲ್ಲಿ ಭಾಷಣಗಳನ್ನು ಬರೆದುಕೊಳ್ಳುವ ಕೆಲಸದಲ್ಲಿದ್ದ ಅಲ್ಫೋನ್ಸ್ ಡೆಜಾರ್ಡಿನ್ ಇದನ್ನು ಕೇಳಿ ನೊಂದರು. ಬಡವರ ಹಣ ಬಡವರಿಗೇ ಸಿಗಬೇಕು ಅಂದುಕೊಂಡರು. 1900ರ ಡಿಸೆಂಬರಿನಲ್ಲಿ ಕ್ವಿಬೆಕ್ ಪ್ರಾಂತ್ಯದ ಲೆವಿ ಊರಿನಲ್ಲಿ ಜನರನ್ನು ಸೇರಿಸಿ ಒಂದು ಸಹಕಾರ ಸಂಘ ಕಟ್ಟಿದರು. 1901ರ ಜನವರಿ 23ರಂದು ಹಣ ಕಟ್ಟಿಸಿಕೊಳ್ಳಲು ಶುರು ಮಾಡಿದರು. ಮೊದಲು ಬಂದದ್ದು ಎಷ್ಟು ಗೊತ್ತಾ? ಬರೀ 10 ಸೆಂಟು. ಆ ದಿನ ಒಟ್ಟು ಕೂಡಿದ್ದು 26 ಡಾಲರ್ 40 ಸೆಂಟು.

ಅಲ್ಫೋನ್ಸ್ ಕೆಲಸಕ್ಕಾಗಿ ತಿಂಗಳುಗಟ್ಟಲೆ ಒಟ್ಟಾವಾ ಊರಿನಲ್ಲಿ ಇರಬೇಕಿತ್ತು. ಆಗ ಸಂಘ ನಡೆಸಿದವರು ಯಾರು? ಅವರ ಹೆಂಡತಿ ಡೋರಿಮೆನ್. ಮಕ್ಕಳೊಂದಿಗರು. ಮನೆಯೇ ಕಚೇರಿ. ಒಲೆಯನ್ನೂ ನೋಡಿಕೊಂಡರು, ಲೆಕ್ಕದ ಪುಸ್ತಕವನ್ನೂ ನೋಡಿಕೊಂಡರು. ಹನಿ ಹನಿ ಕೂಡಿ ಹಳ್ಳ ಆಯಿತು. ಇಂದು ಅದು ಕೆನಡಾದ ಅತಿ ದೊಡ್ಡ ಸಹಕಾರಿ ಹಣಕಾಸು ಸಂಸ್ಥೆ. ಲಕ್ಷಾಂತರ ಸದಸ್ಯರಿದ್ದಾರೆ.

ಈಗ ತಾಯಂದಿರ ಹಣದ ಮಾತು. 1945ರಲ್ಲಿ ಕೆನಡಾ ಸರ್ಕಾರ ಮಕ್ಕಳ ಪಾಲನೆಗೆ ಹಣ ಕೊಡಲು ಶುರು ಮಾಡಿತು. ಮಗುವಿನ ವಯಸ್ಸು ನೋಡಿ ತಿಂಗಳಿಗೆ 5ರಿಂದ 8 ಡಾಲರ್. ಚೆಕ್ಕು ತಾಯಿಯ ಹೆಸರಿಗೇ ಬರುತ್ತಿತ್ತು. ಆದರೆ ಕ್ವಿಬೆಕ್‌ನಲ್ಲಿ ಅದನ್ನು ತಂದೆಯ ಹೆಸರಿಗೆ ಕೊಡಬೇಕು ಅಂತ ಕೆಲವರು ಹಟ ಹಿಡಿದರು. ತೆರೇಸ್ ಕ್ಯಾಸ್‌ಗ್ರೇನ್ ಅನ್ನುವ ಧೀರ ಹೆಂಗಸು ಇದರ ವಿರುದ್ಧ ನಿಂತರು. ಗೆದ್ದರು. ಕ್ವಿಬೆಕ್‌ನ ತಾಯಂದಿರ ಕೈಗೂ ಚೆಕ್ಕು ಬಂತು.

ಆದರೂ ಅಲ್ಲಿನ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಕರಾರಿಗೆ ಸಹಿ ಹಾಕುವಂತಿರಲಿಲ್ಲ. 1964ರಲ್ಲಿ ಕಾನೂನು ಬದಲಾಯಿತು. ಬದಲಾಯಿಸಿದ್ದೂ ಒಬ್ಬ ಹೆಂಗಸೇ. ಕ್ವಿಬೆಕ್ ವಿಧಾನಸಭೆಗೆ ಆರಿಸಿ ಬಂದ ಮೊದಲ ಮಹಿಳೆ ಕ್ಲೇರ್ ಕರ್ಕ್‌ಲ್ಯಾಂಡ್ ಕ್ಯಾಸ್‌ಗ್ರೇನ್. ಅಂದಿನಿಂದ ಹೆಂಡತಿಯ ಸಹಿಗೂ ಬೆಲೆ ಬಂತು.

ಮಕ್ಕಳ ಹಣ ಇಂದಿಗೂ ಬರುತ್ತದೆ. 2016ರಿಂದ ಅದಕ್ಕೆ ಹೊಸ ಯೋಜನೆ ಇದೆ. ಆದಾಯ ಕಡಿಮೆ ಇದ್ದವರಿಗೆ ಹೆಚ್ಚು ಹಣ. ಆದರೆ ಒಂದು ಕಟ್ಟಳೆ ಇದೆ. ಗಂಡ ಹೆಂಡತಿ ಇಬ್ಬರೂ ಪ್ರತಿ ವರ್ಷ ಆದಾಯದ ಲೆಕ್ಕ ಬರೆದು ಕೊಡಬೇಕು. ಆದಾಯ ಇಲ್ಲದಿದ್ದರೂ ಇಲ್ಲ ಅಂತ ಬರೆದು ಕೊಡಬೇಕು. ಕಾಗದ ಹೋಗದಿದ್ದರೆ ಹಣ ನಿಂತುಹೋಗುತ್ತೆ. ಓದು ಬರಹದ ಬೆಲೆ ಅಲ್ಲಿಯೂ ಎಷ್ಟಿದೆ ನೋಡಿ!

ಇಷ್ಟಾದರೂ ಬಡತನ ಅಲ್ಲಿಂದ ಹೋಗಿಲ್ಲ. 2022, 2023ರಲ್ಲಿ ಮನೆ ಸಾಲದ ಬಡ್ಡಿ ಏರಿತು. ಬಾಡಿಗೆ ಏರಿತು. ದಿನಸಿ ತುಟ್ಟಿಯಾಯಿತು. ಅಲ್ಲಿ ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಬ್ಯಾಂಕುಗಳಿವೆ. 2024ರ ಮಾರ್ಚ್ ತಿಂಗಳೊಂದರಲ್ಲೇ ಜನ 20 ಲಕ್ಷಕ್ಕೂ ಹೆಚ್ಚು ಸಲ ಅವುಗಳ ಬಾಗಿಲಿಗೆ ಬಂದರು. ಲೆಕ್ಕ ಬರೆದ ಮಾತ್ರಕ್ಕೆ ಸಂಬಳ ಹೆಚ್ಚೋದಿಲ್ಲ. ಸಾಲದ್ದಕ್ಕೆ ಸರ್ಕಾರವನ್ನೂ ಕೇಳಬೇಕು. ಆದರೆ ಇದ್ದ ಹಣ ಎಲ್ಲಿಗೆ ಹೋಯ್ತು ಅಂತ ಗೊತ್ತಾಗೋದು ಲೆಕ್ಕದಿಂದಲೇ. ಎಷ್ಟು ಸಾಲದಾಯ್ತು ಅಂತ ಗಟ್ಟಿಯಾಗಿ ಕೇಳೋಕೂ ಲೆಕ್ಕವೇ ಬೇಕು.

ಕೆನಡಾದಲ್ಲಿ ನವೆಂಬರ್ ತಿಂಗಳನ್ನು ಹಣಕಾಸು ಸಾಕ್ಷರತೆಯ ತಿಂಗಳು ಅನ್ನುತ್ತಾರೆ. ಕಾಲೇಜು ಓದಿದವರೂ ಆಗ ಮನೆ ಲೆಕ್ಕ ಕಲಿಯುತ್ತಾರೆ. ಹಾಗಿದ್ದ ಮೇಲೆ ನಮಗೆ ನಾಚಿಕೆ ಯಾಕೆ?

ಬನ್ನಿ, ನಾವೂ ಒಂದು ಪುಸ್ತಕ ಇಡೋಣ. ಎಡಗಡೆ ಬಂದ ಹಣ ಬರೆಯೋಣ. ಬಲಗಡೆ ಹೋದ ಹಣ ಬರೆಯೋಣ. ನಮ್ಮ ಹೆಸರಿನಲ್ಲಿ ಒಂದು ಖಾತೆ ಇರಲಿ. ಪಾಸ್‌ಪುಸ್ತಕ ನಮ್ಮ ಕೈಯಲ್ಲೇ ಇರಲಿ. ಸಾಲ ಕೊಡುವವರು ಬಡ್ಡಿ ಹೇಳಿದರೆ, ವಾರಕ್ಕೋ, ತಿಂಗಳಿಗೋ, ವರ್ಷಕ್ಕೋ ಅಂತ ಕೇಳೋಣ. ಯಾವ ಕಾಗದವನ್ನೂ ಓದದೆ ಸಹಿ ಹಾಕೋದು ಬೇಡ. ಅರ್ಥ ಆಗದಿದ್ದರೆ ನಾಳೆ ಹಾಕ್ತೀನಿ ಅಂತ ಎದ್ದು ಬರೋಣ.

ಮುಂದಿನ ವಾರ ನಿಮ್ಮ ಲೆಕ್ಕದ ಪುಸ್ತಕ ತನ್ನಿ. ಎಲ್ಲರೂ ಒಟ್ಟಿಗೆ ಕೂತು ಕೂಡೋಣ, ಕಳೆಯೋಣ. ಹೋಗಿ ಬನ್ನಿ, ನಮಸ್ಕಾರ.