ಅರ್ಕಾವತ್ತೂ ಗಣಕಯಂತ್ರವೂ

ನಮ್ಮ ಯಾವಗಲ್ಲಿನ ಎರೆಹೊಲದ ಮನೆತನದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ಉದ್ಯೋಗದಲ್ಲಿದ್ದಾನೆ. ದೀಪಾವಳಿಗೆ ಬಂದಾಗ, “ಗುರುಗಳೆ, ತಮ್ಮನೂ ಇದೇ ವಿದ್ಯೆ ಕಲಿಯುವೆನೆನ್ನುತ್ತಾನೆ. ತರಬೇತಿಯ ಶುಲ್ಕಕ್ಕೆ ಅಪ್ಪ ಎರಡೆಕರೆ ಮಾರಲು ಹೊರಟಿದ್ದಾರೆ. ನೀವೊಂದು ಮಾತು ಹೇಳಿರಿ” ಎಂದ. ಕನ್ನಡ ಪಂಡಿತನಾದ ನಾನು ಏನು ಹೇಳಲಿ? ಮೊದಲು ಈ ವಿದ್ಯೆಯ ಹುರುಳೇನೆಂದು ಅವನನ್ನೇ ಕೇಳಿದೆ.

ಅವನು ‘ಕರ್ಮ’ ಎಂದು ಬರೆದು ತೋರಿಸಿದ. ಅರ್ಕಾವತ್ತನ್ನು ನಾವು ಮಕಾರದ ಬಲಕ್ಕೆ ಬರೆಯುತ್ತೇವಷ್ಟೆ. ಯಂತ್ರವಾದರೋ ಯೂನಿಕೋಡ್ ಪದ್ಧತಿಯಂತೆ ಉಚ್ಚಾರದ ಕ್ರಮದಲ್ಲಿಯೇ ರೇಫವನ್ನು ಮೊದಲಿಟ್ಟುಕೊಂಡು, ತೋರಿಸುವಾಗ ಮಾತ್ರ ವಿಧಿಯನ್ನನುಸರಿಸಿ ಬಲಕ್ಕೆ ಒಯ್ಯುತ್ತದೆ. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಇವುಗಳ ಹಿಂದೆಯೂ ನಮ್ಮ ಅಕ್ಷರಗಳ ಗುಣವನ್ನು ಬಲ್ಲ ಬುದ್ಧಿಯಿದೆ. ಕೆಲವೇ ಸೂತ್ರ, ಅಪಾರ ಪದ! ಬ್ಯಾಕಸ್ ಹೆಸರಿನ ಗಣಕವ್ಯಾಕರಣ ಪದ್ಧತಿಗೆ ಪಾಣಿನಿಯ ಹೆಸರೂ ಸೇರಲೆಂದು ಪೀಟರ್ ಇಂಗರ್‌ಮನ್ 1967ರಲ್ಲಿ ಸುಮ್ಮನೆ ಸೂಚಿಸಲಿಲ್ಲ.

ಆದರೆ ಸೂತ್ರದ ಬಾಯಿಪಾಠ ಇಲ್ಲಿ ಸಾಲದಂತೆ. (ನಾನು ಮೂವತ್ತು ವರ್ಷ ಮಾಡಿಸಿದ್ದು ಅದನ್ನೇ!) ಬರೆದ ವಿಧಿ ಎಲ್ಲಿ ತಪ್ಪಿತೆಂದು ಹುಡುಕುವುದರಲ್ಲಿಯೇ ದಿನದ ಬಹುಭಾಗ ಕಳೆಯುವುದಂತೆ.

“ಹೊಲ ಮಾರಬೇಡಿ” ಎಂದು ತಂದೆಗೆ ಹೇಳಿದೆ. “ಅಣ್ಣನ ಹಳೆಯ ಯಂತ್ರದಲ್ಲಿ ಹುಡುಗ ಯುಗಾದಿಯೊಳಗೆ ಲೋಪಸಂಧಿಗೊಂದು ಕ್ರಮವಿಧಿ ಬರೆಯಲಿ, ಆಮೇಲೆ ನೋಡೋಣ.” ಹುಡುಗ ಬರೆದ. ‘ಊರು’, ‘ಅನ್ನು’ ಕೂಡಿ ‘ಊರನ್ನು’ ಸರಿಯಾಗಿ ಬಂತು. ‘ಗುರು’ವಿಗೆ ಬಂದಾಗ ಯಂತ್ರ ‘ಗುರನ್ನು’ ಎಂದಿತು! ಎಲ್ಲಿ ಲೋಪ, ಎಲ್ಲಿ ವಕಾರಾಗಮ ಎಂದು ಕೇಳಲು ನಿನ್ನೆ ಸಂಜೆ ನಾಲ್ಕನೆಯ ಸಲ ನನ್ನ ಮನೆಗೆ ಬಂದಿದ್ದ. ಊಟದ ಹೊತ್ತು ಮೀರಿದರೂ ಏಳಲಿಲ್ಲ.