ಸಿ.ಡಿ. ವೇಷದ ಡಾಂಗಲ್

ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಅದನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ ಅಂದುಕೊಂಡಿರಾ? ಇಲ್ಲ, ಮೊದಲು ವಿಚಾರಣೆ ಆಗಬೇಕು. ‘ಯಾರಪ್ಪಾ ನೀನು? ಯಾರ ಕಡೆಯವನು? ಏನು ಕೆಲಸ ಮಾಡ್ತೀಯ?’ ಆಗ ಪೆನ್‌ಡ್ರೈವ್ ತನ್ನ ಜಾತಕ ಬಿಚ್ಚುತ್ತದೆ. ಬರೀ 18 ಬೈಟ್‌ಗಳ ಜಾತಕ! ತಯಾರಿಸಿದವರ ಸಂಖ್ಯೆ, ಸಾಮಾನಿನ ಸಂಖ್ಯೆ ಎರಡೂ ಅದರಲ್ಲಿರುತ್ತವೆ. ಲಿನಕ್ಸ್ ಇರುವ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂದು ಟೈಪ್ ಮಾಡಿದರೆ ಅವನ್ನು ನೀವೂ ನೋಡಬಹುದು. ನನ್ನ ಪೆನ್‌ಡ್ರೈವಿನದು 0781:5567. ಮೊದಲಿನ 0781 ಅಂದರೆ ಸ್ಯಾನ್‌ಡಿಸ್ಕ್.

ಜಾತಕದ ಬೆನ್ನಿಗೇ ಕೆಲಸ ಹೇಳುವ ಇನ್ನೊಂದು ಸಂಖ್ಯೆ ಬರುತ್ತದೆ. ಪೆನ್‌ಡ್ರೈವ್‌ಗೆ 8, ಕೀಬೋರ್ಡ್, ಮೌಸ್‌ಗಳಿಗೆ 3. ಕಂಪನಿ ಯಾವುದಾದರೇನು, ಆ ಸಂಖ್ಯೆ ಕಂಡರೆ ಲಿನಕ್ಸ್ ತನ್ನಲ್ಲಿರುವ ಡ್ರೈವರನ್ನು ಕರೆಯುತ್ತದೆ. ಡ್ರೈವರ್ ಅಂದರೆ ಬಸ್ಸು ಓಡಿಸುವವರಲ್ಲ, ಆ ಸಾಮಾನಿನ ಭಾಷೆ ಬಲ್ಲ ದುಭಾಷಿ ಪ್ರೋಗ್ರಾಂ. ಕೆಲವು ಸಾಮಾನುಗಳು ಮಾತ್ರ ‘255’ ಅನ್ನುತ್ತವೆ. ‘ನಂದು ನಮ್ಮ ಮನೆಯವರಿಗಷ್ಟೇ ತಿಳಿಯುವ ಭಾಷೆ’ ಅಂತ ಅದರ ಅರ್ಥ. ಕಂಪನಿ ಆ ಭಾಷೆಯನ್ನು ಹೇಳಿಕೊಡದಿದ್ದರೆ, ಲಿನಕ್ಸ್‌ಗೆ ಡ್ರೈವರ್ ಬರೆಯುವವರು ತಂತಿಯಲ್ಲಿ ಹರಿದಾಡುವ ಸಂದೇಶಗಳನ್ನು ಕದ್ದು ಕೇಳಿ, ಊಹಿಸಿ, ಕಲಿಯಬೇಕು. ನನಗಂತೂ ಅಷ್ಟು ತಾಳ್ಮೆ ಇಲ್ಲ.

ನನ್ನನ್ನು ಚೆನ್ನಾಗಿ ಆಟ ಆಡಿಸಿದ್ದು ಒಂದು 3ಜಿ ಡಾಂಗಲ್. ಮೊಬೈಲ್ ಸಿಮ್ ಹಾಕಿ ಇಂಟರ್ನೆಟ್ ಪಡೆಯುವ ಕಡ್ಡಿ ಅದು. ಲಿನಕ್ಸ್‌ನಲ್ಲಿ ಅದಕ್ಕೆ ಬೇಕಾದ ಡ್ರೈವರ್ ಇತ್ತು, ಆದರೂ ನೆಟ್ ಬರಲಿಲ್ಲ. ನೋಡಿದರೆ, ಕಂಪ್ಯೂಟರ್ ‘ಸಿ.ಡಿ. ಡ್ರೈವ್ ಬಂದಿದೆ’ ಅನ್ನುತ್ತಿದೆ! ಹೆಬ್ಬೆರಳಿನಷ್ಟಿರುವ ಕಡ್ಡಿಯೊಳಗೆ ಸಿ.ಡಿ. ಹಿಡಿಸುವುದುಂಟೇ?

ಅದು ವೇಷ. ವಿಂಡೋಸ್‌ಗೆ ಬೇಕಾದ ಡ್ರೈವರನ್ನು ಆ ಸುಳ್ಳು ಸಿ.ಡಿ.ಯಲ್ಲಿ ತುಂಬಿಟ್ಟಿದ್ದರು. ವಿಂಡೋಸ್ ಅದನ್ನು ಹಾಕಿಕೊಂಡ ಮೇಲೆ ‘ಇನ್ನು ಸಾಕು’ ಎಂಬ ಸಂದೇಶ ಹೋಗುತ್ತದೆ, ಡಾಂಗಲ್ ಬಣ್ಣ ತೊಳೆದು ಮೋಡೆಮ್ ಆಗುತ್ತದೆ. ಪಾಪ, ಲಿನಕ್ಸ್‌ಗೆ ಸಾಕು ಅನ್ನಬೇಕೆಂದೇ ಗೊತ್ತಿರಲಿಲ್ಲ.

ಯಾವ ಡಾಂಗಲ್‌ಗೆ ಯಾವ ಸಂದೇಶ ಎಂಬ ಪಟ್ಟಿ ಇಟ್ಟುಕೊಂಡು ಅದನ್ನು ತಾನೇ ಕಳಿಸುವ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪ್ರೋಗ್ರಾಂ ಲಿನಕ್ಸ್‌ನಲ್ಲಿದೆ. ಲಿನಕ್ಸ್‌ನ ದಾಯಾದಿ ಫ್ರೀಬಿಎಸ್‌ಡಿಯಲ್ಲಿ ‘ಯು3ಜಿ’ ಡ್ರೈವರೇ ಈ ಕೆಲಸ ಮಾಡುತ್ತದೆ. ಆ ದಿನ ನನ್ನ ಬಳಿ ಎರಡೂ ಇರಲಿಲ್ಲ. ಕೊನೆಗೆ ‘ಎಜೆಕ್ಟ್’ ಎಂದು ಟೈಪ್ ಮಾಡಿದೆ. ಅಂದರೆ, ಇಲ್ಲದ ಸಿ.ಡಿ.ಯನ್ನು ಹೊರಗೆ ತಳ್ಳು ಎಂದೆ! ಡಾಂಗಲ್‌ನ ದೀಪ ಆರಿತು. ಕೆಟ್ಟೇಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಮಿಣುಕಿತು. ‘ಎಲ್‌ಎಸ್‌ಯುಎಸ್‌ಬಿ’ ಪಟ್ಟಿ ತೆಗೆದು ನೋಡಿದೆ: ಕಂಪನಿಯ ಸಂಖ್ಯೆ ಅದೇ ಇತ್ತು, ಸಾಮಾನಿನ ಸಂಖ್ಯೆ ಬದಲಾಗಿತ್ತು.